ಪದ ಪರಿಚಯ: ಜಂಪಿಂಗ್ ಆನ್ ಪಾಯಿಂಟ್

ಸೂಪರ್‌ಮ್ಯಾನ್ ಕಥೆಯನ್ನು ಮೊದಲಿನಿಂದ ಓದಬೇಕು ಎಂದು ಹೊರಟರೆ 1938ಕ್ಕೆ ಹೋಗಬೇಕು. ಆ ವರ್ಷ ಅಮೆರಿಕದಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ ಶುರುವಾಯಿತು. 2018ರಲ್ಲಿ ಅದರ 1000ನೇ ಸಂಚಿಕೆ ಬಂತು. ಇದು ಬರೀ ಒಂದು ಪತ್ರಿಕೆಯ ಲೆಕ್ಕ. ‘ಸೂಪರ್‌ಮ್ಯಾನ್’ ಎಂಬ ಹೆಸರಿನದೇ ಇನ್ನೊಂದು 1939ರಿಂದ ಇದೆ. ಬ್ಯಾಟ್‌ಮ್ಯಾನ್ ಹುಟ್ಟಿದ ‘ಡಿಟೆಕ್ಟಿವ್ ಕಾಮಿಕ್ಸ್’ ಕೂಡ 2019ರಲ್ಲಿ ಸಾವಿರ ಮುಟ್ಟಿತು. ಸ್ಪೈಡರ್‌ಮ್ಯಾನ್ 1962ರಿಂದ ಗೋಡೆ ಹತ್ತುತ್ತಲೇ ಇದ್ದಾನೆ. ಇಷ್ಟನ್ನೂ ಸಾಲಾಗಿ ಓದಿ ಮುಗಿಸಿ, ಆಮೇಲೆ ಈ ತಿಂಗಳ ಸಂಚಿಕೆ ಕೈಗೆತ್ತಿಕೊಳ್ಳುತ್ತೇನೆ ಎನ್ನುವವರು ಶುರು ಮಾಡುವ ಮೊದಲೇ ಸುಸ್ತಾಗುತ್ತಾರೆ.

ಇಂಥ ಹೊಸಬರಿಗಾಗಿ ಕಾಮಿಕ್ಸ್ ಲೋಕದಲ್ಲಿ ಬಳಕೆಗೆ ಬಂದ ಮಾತು ‘ಜಂಪಿಂಗ್ ಆನ್ ಪಾಯಿಂಟ್’. ಹಿಂದಿನದು ಏನೂ ಗೊತ್ತಿಲ್ಲದಿದ್ದರೂ ಇಲ್ಲಿಂದ ಓದಬಹುದು, ಕಥೆ ಅರ್ಥವಾಗುತ್ತದೆ ಎನ್ನುವ ಸಂಚಿಕೆ ಅಥವಾ ಪುಸ್ತಕ. ಓದುಗರು ಒಬ್ಬರಿಗೊಬ್ಬರು ಹೇಳುವಾಗ ಇದು ಶಿಫಾರಸು. ಪ್ರಕಾಶಕರು ಹೇಳುವಾಗ ಮಾತ್ರ ಇದು ಜಾಹೀರಾತು. ಈ ಎರಡೂ ಯಾವಾಗಲೂ ಒಂದೇ ಜಾಗವನ್ನು ತೋರಿಸುವುದಿಲ್ಲ. ಗೊಂದಲ ಶುರುವಾಗುವುದೇ ಇಲ್ಲಿ.

ಹಿಂದೆ ಈ ಮಾತಿನ ಅಗತ್ಯವೇ ಅಷ್ಟಿರಲಿಲ್ಲ. ಮೊದಲ ಕೆಲವು ದಶಕ ಬಹಳಷ್ಟು ಕಥೆಗಳು ಒಂದೇ ಸಂಚಿಕೆಯಲ್ಲಿ ಮುಗಿಯುತ್ತಿದ್ದವು. ಪತ್ರಿಕೆ ಅಂಗಡಿಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಮಕ್ಕಳು ಕೊಳ್ಳುತ್ತಿದ್ದರು. ಮುಂದಿನ ತಿಂಗಳು ಅದೇ ಸಿಗುತ್ತದೆ ಎಂಬ ಖಾತ್ರಿ ಇರಲಿಲ್ಲ. 1960ರ ದಶಕದಲ್ಲಿ ಲೇಖಕ ಸ್ಟಾನ್ ಲೀ ಮತ್ತು ಜೊತೆಗಾರರು ಸ್ಪೈಡರ್‌ಮ್ಯಾನ್ ಕಥೆಗಳ ಮಾರ್ವೆಲ್ ಕಂಪನಿಯಲ್ಲಿ ಕಥೆಗಳನ್ನು ಸಂಚಿಕೆಯಿಂದ ಸಂಚಿಕೆಗೆ ಎಳೆಯತೊಡಗಿದರು. ಆಗಲೂ ಹೊಸಬರನ್ನು ಮರೆಯಲಿಲ್ಲ. ಹಳೆಯ ಘಟನೆಯ ಮಾತು ಬಂದ ಕಡೆ ಒಂದು ನಕ್ಷತ್ರದ ಗುರುತು, ಕೆಳಗೆ ‘ಇಂಥ ಸಂಚಿಕೆ ನೋಡಿ’ ಎಂದು ಸಂಪಾದಕರ ಟಿಪ್ಪಣಿ. ಪ್ರತಿ ಸಂಚಿಕೆಯೂ ಯಾರೋ ಒಬ್ಬರಿಗೆ ಮೊದಲ ಸಂಚಿಕೆ ಎಂಬ ಮಾತು ಸ್ಟಾನ್ ಲೀ ಹೆಸರಿನಲ್ಲಿ ಇವತ್ತಿಗೂ ಓಡಾಡುತ್ತದೆ. 1978ರಿಂದ 1987ರವರೆಗೆ ಮಾರ್ವೆಲ್‌ನ ಮುಖ್ಯ ಸಂಪಾದಕರಾಗಿದ್ದ ಜಿಮ್ ಶೂಟರ್ ಇದನ್ನು ನಿಯಮದಂತೆ ಪಾಲಿಸಿದವರು. ಹೀಗಾಗಿ ಆ ಕಾಲದ ‘ಎಕ್ಸ್-ಮೆನ್’ ಎಂಬ ಸೂಪರ್‌ಹೀರೋ ತಂಡದ ಪತ್ರಿಕೆ ತೆರೆದರೆ, ಹೊಡೆದಾಟದ ಮಧ್ಯೆಯೂ ಪಾತ್ರಗಳು ತಮ್ಮ ಶಕ್ತಿ ಏನು ಅಂತ ತಾವೇ ವರದಿ ಒಪ್ಪಿಸುತ್ತಿರುತ್ತವೆ. ಒಟ್ಟಿಗೆ ಹತ್ತು ಸಂಚಿಕೆ ಓದಿದರೆ ನಗು ಬರುತ್ತದೆ. ಆದರೆ ಯಾವ ಸಂಚಿಕೆಯಿಂದ ಶುರು ಮಾಡಿದರೂ ಯಾರು ಯಾರೆಂದು ತಿಳಿಯುತ್ತದೆ, ಅದು ಸಣ್ಣ ವಿಷಯವಲ್ಲ.

1970ರ ದಶಕದಿಂದ ಕಾಮಿಕ್ಸ್‌ಗೆಂದೇ ಇರುವ ಅಂಗಡಿಗಳು ಬೆಳೆದವು. ಅಲ್ಲಿಗೆ ಬರುವವರು ಒಂದೂ ತಪ್ಪಿಸದೆ ಓದುವ ಗಿರಾಕಿಗಳು. ಅವರಿಗೆ ಪ್ರತಿ ತಿಂಗಳೂ ಎಕ್ಸ್-ಮೆನ್ ತಂಡದ ವುಲ್ವರಿನ್ ಪರಿಚಯ ಬೇಕಿರಲಿಲ್ಲ. ನಿಧಾನವಾಗಿ ನಕ್ಷತ್ರದ ಟಿಪ್ಪಣಿಗಳು ಕಡಿಮೆಯಾದವು, ಪರಿಚಯದ ಮಾತುಗಳು ಹೋದವು, ಆರಾರು ಸಂಚಿಕೆ ಉದ್ದದ ಕಥೆಗಳು ಬಂದವು. ಬರವಣಿಗೆ ಚೆನ್ನಾಯಿತು, ನಿಜ. ಆದರೆ ಬಾಗಿಲು ಮುಚ್ಚಿಕೊಂಡಿತು. ಮುಚ್ಚಿದ ಬಾಗಿಲನ್ನು ಆಗಾಗ ತೆರೆದು ‘ಬನ್ನಿ, ಇಲ್ಲಿಂದ ಬನ್ನಿ’ ಎಂದು ಕರೆಯಬೇಕಾಗಿ ಬಂತು.

ಕರೆಯಲು ಸುಲಭದ ದಾರಿ, ಮುಖಪುಟದ ಮೇಲೆ ಮತ್ತೆ ‘1’ ಎಂದು ಹಾಕುವುದು. ಇದನ್ನು ರೀಲಾಂಚ್ ಎನ್ನುತ್ತಾರೆ. ಕಥೆ ಹಳೆಯದೇ ಮುಂದುವರಿಯುತ್ತದೆ, ನಂಬರ್ ಮಾತ್ರ ಹೊಸದು. ರೀಬೂಟ್ ಬೇರೆ. ಅಲ್ಲಿ ಹಿಂದೆ ನಡೆದದ್ದನ್ನೇ ಅಳಿಸಿ, ಪಾತ್ರದ ಬದುಕನ್ನು ಹೊಸದಾಗಿ ಹೇಳುತ್ತಾರೆ. ಎರಡೂ ಮುಖಪುಟದ ಮೇಲೆ ಒಂದೇ ಥರ ಕಾಣುತ್ತವೆ.

‘ದಿ ಅಮೇಜಿಂಗ್ ಸ್ಪೈಡರ್-ಮ್ಯಾನ್’ ಪತ್ರಿಕೆಯನ್ನೇ ನೋಡಿ. 1963ರಲ್ಲಿ 1ನೇ ಸಂಚಿಕೆ ಬಂತು. 1999ರಲ್ಲಿ ಮತ್ತೆ 1. 2003ರಲ್ಲಿ ಹಳೆಯ ಲೆಕ್ಕ ಕೂಡಿಸಿ 500 ಎಂದು ಹಾಕಿದರು. 2014ರಲ್ಲಿ ಪುನಃ 1, 2015ರಲ್ಲಿ ಪುನಃ 1, 2018, 2022, 2025ರಲ್ಲೂ 1. ಒಟ್ಟು ಏಳು ‘ಮೊದಲ’ ಸಂಚಿಕೆಗಳು! ಇವುಗಳಲ್ಲಿ 2014 ಮತ್ತು 2015ರವು ಡ್ಯಾನ್ ಸ್ಲಾಟ್ ಎಂಬ ಲೇಖಕ ವರ್ಷಗಳಿಂದ ಬರೆಯುತ್ತಿದ್ದ ಕಥೆಯ ನಡುವೆ ಬರುತ್ತವೆ. ಅದಕ್ಕೆ ಮುಂಚೆ ಖಳನಾಯಕ ಡಾಕ್ಟರ್ ಆಕ್ಟೋಪಸ್‌ನ ಮನಸ್ಸು ಪೀಟರ್ ಪಾರ್ಕರ್‌ನ ಮೈಯೊಳಗೆ ಸೇರಿಕೊಂಡು, ಸ್ಪೈಡರ್‌ಮ್ಯಾನ್ ಆಗಿ ಮೆರೆದಿತ್ತು. 2014ರ ‘1’ ತೆರೆದರೆ ಪೀಟರ್ ಈಗಷ್ಟೇ ತನ್ನ ಮೈಗೆ ಮರಳಿದ್ದಾನೆ. ತನ್ನ ಹೆಸರಿನಲ್ಲಿ ಇನ್ನೊಬ್ಬ ಮಾಡಿಟ್ಟ ಕೆಲಸಗಳನ್ನು ಕಂಡು ಕಂಗಾಲಾಗಿದ್ದಾನೆ. ಹೊಸ ಓದುಗರೂ ಅಷ್ಟೇ ಕಂಗಾಲಾಗುತ್ತಾರೆ.

ಇದೇ ಪತ್ರಿಕೆಯಲ್ಲಿ 2001ರಲ್ಲಿ ಬಂದ ಒಂದು ಸಂಚಿಕೆಯ ನಂಬರ್ 30. ನೋಡಿದರೆ ಯಾರೂ ಅದರಿಂದ ಶುರು ಮಾಡುವುದಿಲ್ಲ. ಆದರೆ ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ ಎಂಬ ಲೇಖಕ ಬರೆಯಲು ಶುರು ಮಾಡಿದ್ದು ಅಲ್ಲಿ. ಪೀಟರ್‌ಗೆ ತನ್ನಂಥದೇ ಶಕ್ತಿಯಿರುವ ಎಝೆಕಿಯೆಲ್ ಎಂಬ ಅಪರಿಚಿತ ಎದುರಾಗುತ್ತಾನೆ. ನಿನಗೆ ಈ ಶಕ್ತಿ ಬಂದದ್ದು ಬರೀ ಆಕಸ್ಮಿಕವಾ ಎಂಬ ಅನುಮಾನವನ್ನು ತಲೆಗೆ ಹಾಕುತ್ತಾನೆ. ಈ ಕಥೆ ಹಿಡಿಯಲು ಜೇಡ ಕಚ್ಚಿದ್ದು ಗೊತ್ತಿದ್ದರೆ ಸಾಕು. ಅದು ಯಾರಿಗೆ ಗೊತ್ತಿಲ್ಲ?

ಇದರಿಂದ ನನಗೆ ಅನಿಸುವುದು ಇಷ್ಟು: ನಂಬರ್ ನೋಡಬೇಡಿ, ಬರೆದವರ ಹೆಸರು ನೋಡಿ. ಒಬ್ಬ ಲೇಖಕ ಒಂದು ಪತ್ರಿಕೆಯಲ್ಲಿ ಬಿಡದೆ ಬರೆದ ಸಂಚಿಕೆಗಳ ಸಾಲಿಗೆ ಕಾಮಿಕ್ಸ್ ಓದುಗರು ‘ರನ್’ ಎನ್ನುತ್ತಾರೆ. ಹೊಸ ಲೇಖಕ ಬಂದಾಗ ಹಳೆಯ ಎಳೆಗಳನ್ನು ಬದಿಗಿಟ್ಟು ತನ್ನ ಕಥೆಗೆ ಹೊಸ ನೆಲೆ ಹಾಕಿಕೊಳ್ಳುವುದು ಸಹಜ. ಪಾತ್ರ ಎಲ್ಲಿದೆ, ಏನು ಮಾಡುತ್ತಿದೆ, ಯಾರು ಹತ್ತಿರದವರು ಎಂದು ಮತ್ತೆ ತೋರಿಸುತ್ತಾನೆ. ನಿಜವಾದ ಜಂಪಿಂಗ್ ಆನ್ ಪಾಯಿಂಟ್ ಬಹುತೇಕ ಒಂದು ರನ್‌ನ ಮೊದಲ ಸಂಚಿಕೆಯೇ. ಅದರ ಮೇಲೆ ಯಾವ ನಂಬರ್ ಬೇಕಾದರೂ ಇರಬಹುದು. ವಾಲ್ಟರ್ ಸೈಮನ್ಸನ್ 1983ರಲ್ಲಿ ‘ಥಾರ್’ ಕೈಗೆತ್ತಿಕೊಂಡದ್ದು 337ನೇ ಸಂಚಿಕೆಯಲ್ಲಿ. ಥಾರ್‌ನ ಸುತ್ತಿಗೆಯನ್ನು ಅವನಲ್ಲದೆ ಬೇರೊಬ್ಬ ಎತ್ತುವ ಕಥೆ ಅದು. ಹಿಂದಿನ 336 ಓದದವರೂ ಆರಾಮಾಗಿ ಓದಬಹುದು. ಫ್ರ್ಯಾಂಕ್ ಮಿಲ್ಲರ್ ‘ಡೇರ್‌ಡೆವಿಲ್’ ಬರೆಯತೊಡಗಿದ್ದು 168ರಲ್ಲಿ. ಎಲೆಕ್ಟ್ರಾ ಎಂಬ ಪಾತ್ರ ಮೊದಲು ಬಂದದ್ದೂ ಅದರಲ್ಲೇ.

ಉಲ್ಟಾ ಉದಾಹರಣೆ ಬೇಕೆಂದರೆ 1991ರ ‘ಎಕ್ಸ್-ಮೆನ್’ 1ನೇ ಸಂಚಿಕೆ. ಅಂಗಡಿಗಳು 80 ಲಕ್ಷಕ್ಕೂ ಹೆಚ್ಚು ಪ್ರತಿ ತರಿಸಿಕೊಂಡವು. ಇವತ್ತಿಗೂ ಅದು ದಾಖಲೆ. ಒಂದೇ ಸಂಚಿಕೆ ಐದು ಮುಖಪುಟಗಳಲ್ಲಿ ಬಂದಿದ್ದರಿಂದ ಐದನ್ನೂ ಕೊಂಡವರು ಇದ್ದರು, ಅದು ಬೇರೆ ಮಾತು. ಜಿಮ್ ಲೀ ಚಿತ್ರಗಳು ಕಣ್ಣಿಗೆ ಹಬ್ಬ. ಆದರೆ ಬರೆದ ಕ್ರಿಸ್ ಕ್ಲೇರ್‌ಮಾಂಟ್ 1975ರಿಂದ ಎಕ್ಸ್-ಮೆನ್ ಕಥೆ ಹೇಳುತ್ತಿದ್ದವರು. 3ನೇ ಸಂಚಿಕೆ ಆದ ಮೇಲೆ ಅವರು ಬಿಟ್ಟು ಹೋದರು. ಅಂದರೆ ಲಕ್ಷಾಂತರ ಜನ ಹೊಸ ಆರಂಭ ಎಂದು ಕೊಂಡದ್ದು ಹದಿನಾರು ವರ್ಷದ ರನ್‌ನ ಕೊನೆಯ ಪುಟಗಳು. ಆ ರನ್ ಹಿಡಿಯಬೇಕಾದರೆ 1975ರ ‘ಜೈಂಟ್-ಸೈಜ್ ಎಕ್ಸ್-ಮೆನ್’ಗೆ ಹೋಗಬೇಕು. ಅದನ್ನು ಬರೆದವರು ಲೆನ್ ವೀನ್. ಸ್ಟಾರ್ಮ್, ಕೊಲೋಸಸ್, ನೈಟ್‌ಕ್ರಾಲರ್ ಮೊದಲು ಕಾಣಿಸಿಕೊಂಡ ಕಥೆ. ತಂಡವೇ ಹೊಸದು, ಹಾಗಾಗಿ ನೀವೂ ಅವರೂ ಒಟ್ಟಿಗೆ ಒಳಗೆ ಬರುತ್ತೀರಿ.

ರೀಬೂಟ್ ಆದರೂ ಸುರಕ್ಷಿತವೇ? ಅದೂ ಅರ್ಧಂಬರ್ಧ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಕಥೆಗಳ ಡಿಸಿ ಕಂಪನಿ 1985-86ರಲ್ಲಿ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್’ ಎಂಬ ಹನ್ನೆರಡು ಸಂಚಿಕೆಗಳ ಕಥೆಯಲ್ಲಿ ತನ್ನ ಕಥೆಗಳ ಹಲವು ಸಮಾನಾಂತರ ಭೂಮಿಗಳನ್ನು ಒಂದು ಮಾಡಿತು. ಅದರ ಬೆನ್ನಿಗೆ ಸೂಪರ್‌ಮ್ಯಾನ್ ಹುಟ್ಟನ್ನು ಜಾನ್ ಬರ್ನ್ ಹೊಸದಾಗಿ ಹೇಳಿದರು. 1987ರಲ್ಲಿ ‘ಬ್ಯಾಟ್‌ಮ್ಯಾನ್’ 404ರಿಂದ 407ರವರೆಗಿನ ನಾಲ್ಕು ಸಂಚಿಕೆಗಳಲ್ಲಿ ಮಿಲ್ಲರ್ ಮತ್ತು ಡೇವಿಡ್ ಮಜುಕೆಲ್ಲಿ ‘ಇಯರ್ ವನ್’ ಕೊಟ್ಟರು. ಬ್ಯಾಟ್‌ಮ್ಯಾನ್ ಎಲ್ಲಿಂದ ಓದಲಿ ಎಂದು ಕೇಳಿದರೆ ಇವತ್ತಿಗೂ ಮೊದಲು ಬರುವ ಉತ್ತರ ಇದೇ. ತಮಾಷೆ ಏನೆಂದರೆ, ಕಥೆಯ ಆಳಕ್ಕೆ ಇಳಿಯುವ ಈ ಆರಂಭಕ್ಕೂ ‘1’ ಎಂಬ ನಂಬರ್ ಇರಲಿಲ್ಲ. 2011ರಲ್ಲಿ ಡಿಸಿ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು. ‘ನ್ಯೂ 52’ ಹೆಸರಿನಲ್ಲಿ 52 ಪತ್ರಿಕೆಗಳು ಒಮ್ಮೆಗೇ 1ರಿಂದ ಶುರು. ಸ್ಕಾಟ್ ಸ್ನೈಡರ್ ಬರೆದು ಗ್ರೆಗ್ ಕಪುಲೊ ಚಿತ್ರ ಬಿಡಿಸಿದ ‘ಬ್ಯಾಟ್‌ಮ್ಯಾನ್’ ನಿಜಕ್ಕೂ ಒಳ್ಳೆಯ ಬಾಗಿಲಾಯಿತು. ‘ಗ್ರೀನ್ ಲ್ಯಾಂಟರ್ನ್’ ಮಾತ್ರ ಹಳೆಯ ಕಥೆಯನ್ನು ಏನೂ ಆಗದಂತೆ ಮುಂದುವರಿಸಿತು. ಅದರ ಮೇಲೂ 1 ಎಂದೇ ಇತ್ತು! 2016ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ ಹಳೆಯ ಲೆಕ್ಕಕ್ಕೆ ಮರಳಿ 957 ಆಯಿತು.

ಈ ಹಳೆಯ ಲೆಕ್ಕಕ್ಕೆ ಲೆಗಸಿ ನಂಬರ್ ಎಂದು ಹೆಸರು. 2022ರ ಸ್ಪೈಡರ್‌ಮ್ಯಾನ್ 1ನೇ ಸಂಚಿಕೆಯ ಲೆಗಸಿ ನಂಬರ್ 895. ಹೊಸಬರಿಗೆ ಇದು ಏನೂ ಹೇಳುವುದಿಲ್ಲ, ಬಿಟ್ಟುಬಿಡಿ. 2011ರಲ್ಲಿ ಮಾರ್ವೆಲ್ ಹೊಸಬರಿಗೆಂದೇ ‘.1’ ಸಂಚಿಕೆಗಳನ್ನು ತಂದಿತ್ತು. 654.1 ಎಂಬ ನಂಬರ್ ನೋಡಿ ಯಾರಿಗೆ ಧೈರ್ಯ ಬರುತ್ತದೆ ಎಂದು ಯಾರೂ ಯೋಚಿಸಲಿಲ್ಲವೋ ಏನೋ.

ಮೂರನೇ ದಾರಿ, ಮುಖ್ಯ ಕಥೆಯನ್ನು ಅದರ ಪಾಡಿಗೆ ಬಿಟ್ಟು ಪಕ್ಕದಲ್ಲಿ ಇನ್ನೊಂದು ಲೋಕ ಕಟ್ಟುವುದು. 2000ದಲ್ಲಿ ಬ್ರಯಾನ್ ಮೈಕೆಲ್ ಬೆಂಡಿಸ್ ಮತ್ತು ಮಾರ್ಕ್ ಬ್ಯಾಗ್ಲಿ ‘ಅಲ್ಟಿಮೇಟ್ ಸ್ಪೈಡರ್-ಮ್ಯಾನ್’ ಶುರು ಮಾಡಿದರು. 1962ರಲ್ಲಿ 11 ಪುಟದಲ್ಲಿ ಮುಗಿದ ಹುಟ್ಟಿನ ಕಥೆಯನ್ನು ಅವರು ಏಳು ಸಂಚಿಕೆಗಳಷ್ಟು ಬೆಳೆಸಿದರು. ಹೊಸ ಓದುಗರಿಗೆ ಹೊರೆಯಿಲ್ಲದ ಲೋಕ. ಆದರೆ ಹದಿನೈದು ವರ್ಷದಲ್ಲಿ ಆ ಲೋಕಕ್ಕೇ ಅದರದೇ ಹೊರೆಯಾಯಿತು. 2015ರಲ್ಲಿ ಮಾರ್ವೆಲ್ ಅದನ್ನು ಮುಗಿಸಿತು. 2024ರಲ್ಲಿ ಅದೇ ಹೆಸರಿನಲ್ಲಿ ಜೊನಾಥನ್ ಹಿಕ್‌ಮನ್ ಬೇರೆಯದೇ ಕಥೆ ಶುರು ಮಾಡಿದರು. ಇಲ್ಲಿ ಪೀಟರ್‌ಗೆ ಶಕ್ತಿ ಬರುವ ಹೊತ್ತಿಗೆ ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆ. ಅದೇ ವರ್ಷ ಡಿಸಿ ‘ಆ್ಯಬ್ಸೊಲ್ಯೂಟ್ ಬ್ಯಾಟ್‌ಮ್ಯಾನ್’ ತಂದಿತು. ಇದರಲ್ಲಿ ಬ್ರೂಸ್ ವೇಯ್ನ್ ಬಳಿ ದುಡ್ಡಿಲ್ಲ, ಬಂಗಲೆಯಿಲ್ಲ. ಇವತ್ತು ಶುರು ಮಾಡುವವರಿಗೆ ಈ ಎರಡೂ ಅನುಕೂಲ.

ಇನ್ನು ಎಲ್ಲದರಿಂದ ಹೊರಗೆ ನಿಲ್ಲುವ ಕಥೆಗಳಿವೆ. ಗ್ರ್ಯಾಂಟ್ ಮಾರಿಸನ್ ಮತ್ತು ಫ್ರ್ಯಾಂಕ್ ಕ್ವೈಟ್ಲಿ ಅವರ ‘ಆಲ್-ಸ್ಟಾರ್ ಸೂಪರ್‌ಮ್ಯಾನ್’ 2005ರಿಂದ 2008ರವರೆಗೆ ಹನ್ನೆರಡು ಸಂಚಿಕೆ ಬಂತು, ಮುಗಿಯಿತು. ಮೊದಲ ಪುಟದಲ್ಲೇ ನಾಲ್ಕು ಚಿತ್ರ, ಎಂಟು ಇಂಗ್ಲಿಷ್ ಪದ, ಸೂಪರ್‌ಮ್ಯಾನ್ ಹುಟ್ಟಿನ ಕಥೆ ಮುಗಿದೇ ಹೋಗುತ್ತದೆ. ಓದುಗನಿಗೆ ಎಷ್ಟು ಪರಿಚಯ ಸಾಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ. ಮಹಾಭಾರತವನ್ನು ಆದಿಪರ್ವದಿಂದ ಸಾಲಾಗಿ ಓದಿ ಭೀಮನನ್ನು ತಿಳಿದವರು ಎಷ್ಟು ಜನ? ಯಾವುದೋ ಒಂದು ಪ್ರಸಂಗದಿಂದ ಒಳಗೆ ಬಂದವರೇ ಜಾಸ್ತಿ, ಅಲ್ವಾ? ಹೊಸ ಪಾತ್ರಗಳಾದರೆ ಇನ್ನೂ ಸುಲಭ. 2014ರಲ್ಲಿ ‘ಮಿಸ್ ಮಾರ್ವೆಲ್’ ಪತ್ರಿಕೆಯ ನಾಯಕಿಯಾಗಿ ಬಂದ ಜೆರ್ಸಿ ಸಿಟಿಯ ಹುಡುಗಿ ಕಮಲಾ ಖಾನ್‌ಗೆ ಹಿಂದಿನ ಐವತ್ತು ವರ್ಷ ಅನ್ನುವುದೇ ಇಲ್ಲ.

ಖಂಡಿತ ಬೇಡ ಎನ್ನಬಹುದಾದ ಜಾಗ ಒಂದಿದೆ: ಎಲ್ಲ ಹೀರೋಗಳೂ ಸೇರುವ ಕ್ರಾಸ್‌ಓವರ್. ಸಿನಿಮಾದಲ್ಲಿ ಅದೇ ಹೆಸರು ಕೇಳಿ ಅನೇಕರು ನೇರವಾಗಿ 2006ರ ‘ಸಿವಿಲ್ ವಾರ್’ ಕೈಗೆತ್ತಿಕೊಳ್ಳುತ್ತಾರೆ. ಮುಖ್ಯ ಕಥೆ ಏಳೇ ಸಂಚಿಕೆ. ಆದರೆ ಅದರ ಕೊಂಬೆಗಳು ಹತ್ತಾರು ಪತ್ರಿಕೆಗಳಲ್ಲಿ ಹರಡಿವೆ. ಗೆಳೆಯರು ಹೊಡೆದಾಡುವುದು ನೋವಾಗಬೇಕಾದರೆ ಮೊದಲು ಅವರ ಗೆಳೆತನ ಓದಿರಬೇಕು.

ಸಂಗ್ರಹ ಪುಸ್ತಕ ಕೊಳ್ಳುವಾಗಲೂ ಒಂದು ಎಚ್ಚರ. ಬೆನ್ನಿನ ಮೇಲಿನ ‘ಸಂಪುಟ 1’ ರೀಲಾಂಚ್ ಆದಾಗಲೆಲ್ಲ ಮತ್ತೆ ಬರುತ್ತದೆ. ಒಂದೇ ಹೀರೋನ ಹಲವು ‘ಸಂಪುಟ 1’ ಅಕ್ಕಪಕ್ಕ ಸಿಗುತ್ತವೆ. ಒಳಪುಟದಲ್ಲಿ ಯಾವ ವರ್ಷದ ಯಾವ ಸಂಚಿಕೆಗಳು, ಬರೆದವರು ಯಾರು ಎಂದು ಅಚ್ಚಾಗಿರುತ್ತದೆ. ಕಾಮಿಕ್ಸ್ ಓದುವ ಆ್ಯಪ್‌ಗಳಲ್ಲೂ ಪತ್ರಿಕೆಯ ಹೆಸರು, ವರ್ಷದ ಪ್ರಕಾರ ಜೋಡಿಸಿರುತ್ತಾರೆ, ರನ್ ಪ್ರಕಾರ ಅಲ್ಲ. ಹೀಗಾಗಿ ಒಬ್ಬರೇ ಬರೆದ ಕಥೆ ಎರಡು ಮೂರು ಕಡೆ ಹಂಚಿಹೋಗಿರುತ್ತದೆ. ಹಿಕ್‌ಮನ್ 2019ರಲ್ಲಿ ಎಕ್ಸ್-ಮೆನ್ ಲೋಕವನ್ನು ಹೊಸದಾಗಿ ಕಟ್ಟಿದ್ದು ‘ಹೌಸ್ ಆಫ್ ಎಕ್ಸ್’, ‘ಪವರ್ಸ್ ಆಫ್ ಎಕ್ಸ್’ ಎಂಬ ಎರಡು ಹೆಸರುಗಳಲ್ಲಿ, ಆರಾರು ಸಂಚಿಕೆ. ಒಂದನ್ನು ಮುಗಿಸಿ ಇನ್ನೊಂದು ಓದಿದರೆ ಕೆಡುತ್ತದೆ. ಬಂದ ಕ್ರಮದಲ್ಲೇ, ಎರಡನ್ನೂ ಬೆರೆಸಿ ಓದಬೇಕು.

ಈ ಪದಕ್ಕೊಂದು ಜೋಡಿ ಪದವೂ ಇದೆ, ‘ಜಂಪಿಂಗ್ ಆಫ್ ಪಾಯಿಂಟ್’. ಓದು ನಿಲ್ಲಿಸಲು ಒಳ್ಳೆಯ ಜಾಗ. ಹೊಸ 1ನೇ ಸಂಚಿಕೆ ಹೊಸಬರನ್ನು ಕರೆದ ಹಾಗೆ, ಹಳಬರಿಗೆ ಇಳಿಯಲು ನೆಪವನ್ನೂ ಕೊಡುತ್ತದೆ. ಮೆಚ್ಚಿದ ಲೇಖಕ ಹೋದ ಮೇಲೂ ಅಭ್ಯಾಸಬಲದಿಂದ ಕೊಳ್ಳುತ್ತಿದ್ದವರು ಅಲ್ಲಿಗೆ ನಿಲ್ಲಿಸುತ್ತಾರೆ. ಸ್ಲಾಟ್ ಅವರ ಸ್ಪೈಡರ್‌ಮ್ಯಾನ್ ಓದಿದವರಲ್ಲಿ ಅನೇಕರಿಗೆ 2018ರ 801ನೇ ಸಂಚಿಕೆ ಅಂಥದ್ದು. ಹೊಸದಾಗಿ ಒಂದು ರನ್ ಹಿಡಿಯುವಾಗಲೇ ಅದು ಎಲ್ಲಿ ಮುಗಿಯುತ್ತದೆ ಎಂದು ನೋಡಿಕೊಂಡರೆ, ಮುಂದಿನ ನೂರಾರು ಸಂಚಿಕೆಗಳ ಚಿಂತೆ ಇರುವುದಿಲ್ಲ.