ಎಂಬತ್ತು ಕರೆಗಳು ಮತ್ತು ಒಂದು ರೂಮು ಬಾಡಿಗೆಯ ಲೆಕ್ಕ

ಆರೋಗ್ಯ ವಿಮೆಯ ಕ್ಲೇಮ್ ವಿಭಾಗಕ್ಕೆ ಹೊಸಬರನ್ನು ಆರಿಸಿಕೊಳ್ಳುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಬೆಂಗಳೂರಿನ ಟಿಪಿಎ (ವಿಮಾ ಕಂಪನಿಗಳ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಮತ್ತು ವಿಮಾ ಕಂಪನಿಗಳ ಕಾಲ್ ಸೆಂಟರುಗಳಲ್ಲಿ ಎರಡೋ ಮೂರೋ ವರ್ಷ ದುಡಿದವರು ಎದುರಿಗೆ ಬಂದು ಕೂರುತ್ತಾರೆ. ಇಷ್ಟು ದಿನ ಏನು ಮಾಡಿದಿರಿ ಎಂದು ಕೇಳಿದರೆ ಬಹುತೇಕರದು ಒಂದೇ ಉತ್ತರ: ‘ದಿನಕ್ಕೆ ಎಂಬತ್ತು ಕಾಲ್ ತೆಗೆದುಕೊಳ್ಳುತ್ತಿದ್ದೆ ಮೇಡಂ, ಕ್ವಾಲಿಟಿ ಸ್ಕೋರು ಯಾವತ್ತೂ ತೊಂಬತ್ತರ ಕೆಳಗೆ ಇಳಿದಿಲ್ಲ, ಕಮ್ಯುನಿಕೇಷನ್ ಚೆನ್ನಾಗಿದೆ.’ ಆ ಎಂಬತ್ತು ಜನ ಏನು ಕೇಳುತ್ತಿದ್ದರು ಎಂದು ಮುಂದುವರಿಸಿದರೆ ಕೊಠಡಿಯಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳಿಸುತ್ತದೆ.

ಆಗ ನಾನು ಒಂದು ಲೆಕ್ಕ ಕೊಡುತ್ತೇನೆ. ವಿಮಾ ಮೊತ್ತ 5 ಲಕ್ಷ ರೂಪಾಯಿ. ರೂಮು ಬಾಡಿಗೆಯ ಮಿತಿ ದಿನಕ್ಕೆ ಅದರ ಶೇಕಡ 1, ಅಂದರೆ 5,000 ರೂಪಾಯಿ. ರೋಗಿ ದಿನಕ್ಕೆ 8,000 ರೂಪಾಯಿಯ ರೂಮಿನಲ್ಲಿ ನಾಲ್ಕು ದಿನ ಇದ್ದರು. ಬಿಲ್ಲಿನಲ್ಲಿ ರೂಮಿಗೆ 32,000, ಸರ್ಜನ್ ಶುಲ್ಕ, ಆಪರೇಷನ್ ಥಿಯೇಟರು, ವೈದ್ಯರ ಭೇಟಿ ಎಲ್ಲ ಸೇರಿ 1,20,000, ಔಷಧಿಗೆ 40,000, ಪರೀಕ್ಷೆಗಳಿಗೆ 18,000. ಒಟ್ಟು 2,10,000 ರೂಪಾಯಿ. ಕೈಗವಸು, ಮಾಸ್ಕಿನಂಥ ಸಂದಾಯವಾಗದ ಬಾಬತ್ತುಗಳನ್ನು ಸದ್ಯ ಬಿಟ್ಟುಬಿಡಿ. ರೋಗಿ ಕೈಯಿಂದ ಎಷ್ಟು ಕಟ್ಟಬೇಕು?

‘ದಿನಕ್ಕೆ ಮೂರು ಸಾವಿರದಂತೆ ಹನ್ನೆರಡು ಸಾವಿರ’ ಎನ್ನುತ್ತಾರೆ. ಫೋನ್ ಮಾಡುವ ಗ್ರಾಹಕರು ನಂಬಿರುವುದೂ ಇದನ್ನೇ, ಹಾಗಾಗಿ ಡಿಸ್ಚಾರ್ಜ್ ದಿನ ಕೌಂಟರಿನ ಮುಂದೆ ಜಗಳವಾಗುತ್ತದೆ. ಪ್ರಮಾಣಾನುಗುಣ ಕಡಿತದ ಷರತ್ತು ಇರುವ ಪಾಲಿಸಿಯಲ್ಲಿ, ಅರ್ಹತೆ ಮೀರಿದ ರೂಮು ಹಿಡಿದರೆ ರೂಮಿನ ಜೊತೆಗೆ ಏರುವ ಇತರ ಶುಲ್ಕಗಳೂ ಅದೇ ಅನುಪಾತದಲ್ಲಿ ಕುಗ್ಗುತ್ತವೆ. 8,000ಕ್ಕೆ 5,000 ಎಂದರೆ ಶೇಕಡ 62.5. ಆದ್ದರಿಂದ 1,20,000 ರೂಪಾಯಿಯಲ್ಲಿ ಸಿಗುವುದು 75,000, ರೂಮಿಗೆ 20,000. ಔಷಧಿ, ಪರೀಕ್ಷೆ, ಇಂಪ್ಲಾಂಟುಗಳ ಮೇಲೆ ಈ ಕಡಿತ ಹಾಕಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2020ರಲ್ಲಿಯೇ ಹೇಳಿರುವುದರಿಂದ ಉಳಿದ 58,000 ಪೂರ್ತಿ ಸಿಗುತ್ತದೆ. ಒಟ್ಟು 1,53,000. ರೋಗಿ ಕಟ್ಟಬೇಕಾದದ್ದು 57,000. ಹನ್ನೆರಡು ಸಾವಿರವೆಂದು ನಂಬಿ ಬಂದ ಮನೆಯವರಿಗೆ ಐವತ್ತೇಳು ಸಾವಿರ ಎಂದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ಲೆಕ್ಕ ತಪ್ಪಾದದ್ದಕ್ಕೆ ನನಗೆ ಬೇಸರವಿಲ್ಲ, ಹೇಳಿಕೊಟ್ಟರೆ ಅರ್ಧ ಗಂಟೆಯಲ್ಲಿ ಬರುತ್ತದೆ. ಎರಡು ವರ್ಷ ದಿನವೂ ‘ಪಾಲಿಸಿ ನಿಯಮದ ಪ್ರಕಾರ ಕಡಿತವಾಗಿದೆ ಸರ್’ ಎಂದು ಹೇಳಿದವರಿಗೆ ಆ ನಿಯಮ ಯಾವುದೆಂದು ಒಮ್ಮೆಯಾದರೂ ತೆರೆದು ಓದಬೇಕೆನಿಸಲಿಲ್ಲವಲ್ಲ ಎಂಬುದು ನನ್ನ ತಾಳ್ಮೆಯನ್ನು ಕೆಡಿಸುತ್ತದೆ. ‘ನಾವು ಬರೀ ಮಾತಾಡೋರು ಮೇಡಂ’ ಎಂದು ತಮ್ಮನ್ನು ತಾವೇ ಕೆಳಗಿಳಿಸಿಕೊಳ್ಳುತ್ತಾರೆ. ಆಮೇಲೆ ಎರಡು ಸಾವಿರ ಹೆಚ್ಚು ಸಂಬಳಕ್ಕೆ ಮೊಬೈಲ್ ಕಂಪನಿಯದೋ ಊಟ ತಲುಪಿಸುವ ಆ್ಯಪಿನದೋ ಕಾಲ್ ಸೆಂಟರಿಗೆ ಹೋಗಿ, ವಿಮೆಯಲ್ಲಿ ಕಳೆದ ವರ್ಷಗಳನ್ನು ಪೂರ್ತಿ ಸೊನ್ನೆ ಮಾಡಿಕೊಳ್ಳುತ್ತಾರೆ. ಮಾತಾಡುವ ಕೌಶಲವನ್ನು ಎಲ್ಲಿ ಬೇಕಾದರೂ ಕಲಿಯಬಹುದು. ಡಿಸ್ಚಾರ್ಜ್ ಸಮ್ಮರಿ ಹೇಗಿರುತ್ತದೆ, ಹೆಚ್ಚಿನ ವಿವರ ಕೇಳಿ ಆಸ್ಪತ್ರೆಗೆ ಕ್ವೆರಿ ಯಾಕೆ ಹೋಗುತ್ತದೆ, ಗ್ರಾಹಕರು ಎಲ್ಲಿ ಎಡವುತ್ತಾರೆ ಎಂಬುದು ಇಲ್ಲಿ ಬಿಟ್ಟರೆ ಬೇರೆಲ್ಲೂ ಸಂಬಳ ಕೊಟ್ಟು ಕಲಿಸುವುದಿಲ್ಲ.

ಇಷ್ಟು ಗಟ್ಟಿಯಾಗಿ ಹೇಳಲು ನನಗೊಂದು ಕಾರಣವಿದೆ. ನಾನೂ ಹೆಡ್‌ಸೆಟ್ ಹಾಕಿಕೊಂಡೇ ಆರಂಭಿಸಿದವಳು. 2012ರ ಸುಮಾರಿಗೆ ಒಂದು ರಾತ್ರಿ ಪಾಳಿಯಲ್ಲಿ ದಾವಣಗೆರೆ ಕಡೆಯ ಹಿರಿಯರೊಬ್ಬರು ಫೋನ್ ಮಾಡಿ, ‘ನೋಡವ್ವಾ, ಮಗ ದವಾಖಾನ್ಯಾಗ ಅದಾನ, ಕಾಗದಾ ಏನಾತು?’ ಎಂದು ಕೇಳಿದರು. ಪರದೆಯ ಮೇಲೆ ‘ಕ್ಯಾಶ್‌ಲೆಸ್ ಡಿನೈಡ್’ ಎಂದಿತ್ತು. ಕ್ಯಾಶ್‌ಲೆಸ್ ಎಂದರೆ ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವುದು. ನಾನು ‘ನಿಮ್ಮ ಕ್ಲೇಮ್ ರಿಜೆಕ್ಟ್ ಆಗಿದೆ ಅಜ್ಜಾ’ ಎಂದುಬಿಟ್ಟೆ. ಕರೆ ಎರಡೂವರೆ ನಿಮಿಷದಲ್ಲಿ ಮುಗಿಯಿತು. ಎಎಚ್‌ಟಿ, ಅಂದರೆ ಒಂದು ಕರೆಗೆ ಹಿಡಿಯುವ ಸರಾಸರಿ ಸಮಯ, ಚೆನ್ನಾಗಿದೆಯೆಂದು ಟೀಮ್ ಲೀಡರ್ ಹೊಗಳಿದ್ದೂ ನೆನಪಿದೆ. ನಾಲ್ಕು ತಿಂಗಳ ನಂತರ ಅದೇ ಮನೆಯಿಂದ ಬೇರೆ ವಿಷಯಕ್ಕೆ ಬಂದ ಕರೆಯೂ ನನ್ನ ಲೈನಿಗೇ ಬಿತ್ತು. ಅವರು ಸಾಲ ಮಾಡಿ ಬಿಲ್ಲು ಕಟ್ಟಿದ್ದರು, ರಿಜೆಕ್ಟ್ ಆಯಿತೆಂದು ಕಾಗದಗಳನ್ನು ಟ್ರಂಕಿನಲ್ಲಿಟ್ಟು ಸುಮ್ಮನಾಗಿದ್ದರು. ಕ್ಯಾಶ್‌ಲೆಸ್ ನಿರಾಕರಣೆ ಎಂದರೆ ‘ಈಗ ನಮ್ಮ ಮುಂದಿರುವ ದಾಖಲೆಯ ಮೇಲೆ ಆಸ್ಪತ್ರೆಗೆ ಮುಂಗಡ ಒಪ್ಪಿಗೆ ಕೊಡಲಾಗದು’ ಎಂದಷ್ಟೇ. ಬಿಡುಗಡೆಯ ನಂತರ ಮೂಲ ಬಿಲ್ಲುಗಳೊಂದಿಗೆ ರೀಇಂಬರ್ಸ್‌ಮೆಂಟ್, ಅಂದರೆ ಕೈಯಿಂದ ಕಟ್ಟಿದ ಹಣವನ್ನು ವಾಪಸ್ ಕೇಳುವ ಹಕ್ಕು ಹಾಗೆಯೇ ಉಳಿದಿರುತ್ತದೆ. ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ಯಾಂತ್ರಿಕವಾಗಿ ತಿರಸ್ಕರಿಸಬಾರದೆಂದು ನಿಯಂತ್ರಣ ಪ್ರಾಧಿಕಾರ 2011ರಲ್ಲಿ ಸುತ್ತೋಲೆ ಹೊರಡಿಸಿತ್ತು. ಅದನ್ನು ನಾನು ಆ ವಾರ ಓದಿ, ಹಿರಿಯ ಸಹೋದ್ಯೋಗಿಯೊಬ್ಬರ ಕೈಕಾಲು ಹಿಡಿದು, ತಡದ ಕಾರಣ ಬರೆಸಿ, ಕಾಗದ ತರಿಸಿದೆ. ಹಣ ಬಂತು. ಎಲ್ಲ ಪ್ರಕರಣಗಳಲ್ಲೂ ಬರುತ್ತದೆಂದು ನಾನು ಭರವಸೆ ಕೊಡಲಾರೆ. ಅವಧಿ, ಷರತ್ತು ಎರಡೂ ಪಾಲಿಸಿಯಿಂದ ಪಾಲಿಸಿಗೆ ಬದಲಾಗುತ್ತವೆ. ಆದರೆ ನಾನು ಕಾಲ್ ಫ್ಲೋರಿನಿಂದ ಕ್ಲೇಮ್ ವಿಭಾಗಕ್ಕೆ ಹೋಗಲು ಅರ್ಜಿ ಹಾಕಿದ್ದು ಅದೇ ತಿಂಗಳು.

ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲವಿದೆ, ಅದನ್ನು ಅವರು ಬಯೋಡೇಟಾದ ಕೊನೆಯ ಸಾಲಿನಲ್ಲಿ ‘ಬಲ್ಲ ಭಾಷೆಗಳು’ ಎಂದು ಬರೆದು ಮುಗಿಸುತ್ತಾರೆ. ‘ಮೊದಲೇ ಇದ್ದ ಕಾಯಿಲೆ ಏನಾದರೂ ಇದೆಯೇ?’ ಎಂದು ಕೇಳಿದರೆ ‘ಏನೂ ಇಲ್ಲ, ದೇವರ ದಯೆ’ ಎನ್ನುವವರೇ ಮುಂದಿನ ಮಾತಿನಲ್ಲಿ ‘ಶುಗರ್ ಮಾತ್ರೆ ನುಂಗಿ ಮಲಗಬೇಕು’ ಎನ್ನುತ್ತಾರೆ. ನಮ್ಮ ಕಡೆ ಶುಗರು, ಬಿಪಿ ಕಾಯಿಲೆಯ ಲೆಕ್ಕಕ್ಕೇ ಬರುವುದಿಲ್ಲ. ಸುಳ್ಳು ಹೇಳುವ ಉದ್ದೇಶವಿಲ್ಲದೆಯೇ, ಪಾಲಿಸಿ ಕೊಳ್ಳುವಾಗ ತುಂಬುವ ಪ್ರಪೋಸಲ್ ಅರ್ಜಿಯಲ್ಲಿ ತಪ್ಪು ಬೀಳುವುದು ಹೀಗೆ. ಮುಂದೆ ಅದೇ ‘ಮಾಹಿತಿ ಮುಚ್ಚಿಟ್ಟರು’ ಎಂಬ ಆರೋಪವಾಗುತ್ತದೆ. ಈ ಕಾಯಿಲೆಗಳಿಗೆ ವಿಮೆ ಅನ್ವಯಿಸಲು ಕಾಯಬೇಕಾದ ಅವಧಿಯನ್ನು 2024ರಲ್ಲಿ ಗರಿಷ್ಠ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿದ್ದಾರೆ ಎಂಬುದನ್ನು ಬಾಯಿಪಾಠ ಮಾಡಿದವರು ಅನೇಕರಿದ್ದಾರೆ. ಪ್ರಶ್ನೆಯನ್ನು ‘ದಿನಾ ಯಾವುದಾದರೂ ಮಾತ್ರೆ ತಗೊಳ್ತೀರಾ?’ ಎಂದು ತಿರುಗಿಸಿ ಕೇಳಬಲ್ಲವರು ಕಡಿಮೆ. ಅಂಥವರನ್ನು ನಾನು ಇಂಗ್ಲಿಷ್ ಕೇಳದೆಯೇ ತೆಗೆದುಕೊಳ್ಳುತ್ತೇನೆ.

ಮುಂದಿನ ದಾರಿಗಳು ಹಲವಿವೆ. ಎಲ್ಲರೂ ಬಯಸುವ ಟ್ರೈನರ್, ಕ್ವಾಲಿಟಿ, ಟೀಮ್ ಲೀಡರ್ ಹುದ್ದೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಜಾಗ ಕಡಿಮೆ, ಕಾಯುವವರು ಜಾಸ್ತಿ. ನನ್ನ ಮಟ್ಟಿಗೆ ಮೊದಲ ಮೆಟ್ಟಿಲು ಕ್ಯಾಶ್‌ಲೆಸ್ ಪ್ರಕ್ರಿಯೆ ತಂಡ. 2024ರ ಮೇ ತಿಂಗಳ ಮಾಸ್ಟರ್ ಸುತ್ತೋಲೆ ಬಂದ ಮೇಲೆ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜಿನ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ತೀರ್ಮಾನವಾಗಬೇಕಾಗಿದೆ. ಹೀಗಾಗಿ ಕಾಗದ ಓದಿ ತಕ್ಷಣ ಕೊರತೆ ಗುರುತಿಸುವವರು ಬೇಕು. ವೈದ್ಯಕೀಯ ತೀರ್ಮಾನ ವೈದ್ಯರದೇ. ಬಿಎಸ್ಸಿ ನರ್ಸಿಂಗ್, ಫಾರ್ಮಸಿ ಓದಿದವರು ಅವರ ಪಕ್ಕದಲ್ಲಿ ಬೇಗ ಕುದುರಿಕೊಳ್ಳುತ್ತಾರೆ. ಬಿಎ, ಬಿಕಾಂ ಓದಿದವರಿಗೆ ಬಿಲ್ಲಿನ ಲೆಕ್ಕ, ಆಸ್ಪತ್ರೆಗಳ ವಿಮಾ ಡೆಸ್ಕ್, ದೂರು ಪರಿಹಾರ ವಿಭಾಗ ಇವೆಲ್ಲ ತೆರೆದಿವೆ. ಬೆಂಗಳೂರಿನ ಐಟಿ ಕಂಪನಿಗಳ ಗುಂಪು ವಿಮೆ ನೋಡಿಕೊಳ್ಳುವ ಬ್ರೋಕರ್ ಸಂಸ್ಥೆಗಳಿಗೂ, ಸಿಬ್ಬಂದಿಯ ತಂದೆತಾಯಿಗೆ ಸಹನೆಯಿಂದ ಕ್ಲೇಮ್ ವಿವರಿಸಬಲ್ಲವರು ಬೇಕಾಗುತ್ತಾರೆ. ಸರ್ಕಾರಿ ಯೋಜನೆಯ ಕಡೆ ಒಲವಿದ್ದರೆ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ, ಆಸ್ಪತ್ರೆಯಲ್ಲಿ ರೋಗಿಗಳಿಗೆ ಯೋಜನೆಯ ನೆರವು ಕೊಡಿಸುವ ಆರೋಗ್ಯಮಿತ್ರರು ಮಾಡುವ ಕೆಲಸ ಬಹುಮಟ್ಟಿಗೆ ಇದೇ ಜಾತಿಯದು. ದೂರು ವಿಭಾಗಕ್ಕೆ ಹೋಗುವವರು 2017ರ ವಿಮಾ ಓಂಬುಡ್ಸ್‌ಮನ್ (ಗ್ರಾಹಕರ ದೂರು ತೀರ್ಮಾನಿಸುವ ಅಧಿಕಾರಿ) ನಿಯಮಗಳನ್ನು ಓದಿಕೊಳ್ಳಲಿ. ಅಲ್ಲಿನ ತೀರ್ಪಿಗೆ ಕಂಪನಿ ಬದ್ಧವಾಗಿರಬೇಕಾದ್ದರಿಂದ ನಮ್ಮ ಪ್ರತಿ ಪತ್ರದ ಭಾಷೆಗೂ ಬೆಲೆಯಿದೆ.

ಪರೀಕ್ಷೆಯ ವಿಷಯದಲ್ಲಿ ಒಂದು ಗೊಂದಲವನ್ನು ಪದೇ ಪದೇ ಕಾಣುತ್ತೇನೆ. ಏಜೆಂಟರ ಐಸಿ-38 ಪಾಸಾದವರು ‘ವಿಮಾ ಪರೀಕ್ಷೆ ಮುಗಿಸಿದ್ದೇನೆ’ ಎನ್ನುತ್ತಾರೆ. ಅದು ಮಾರಾಟದ ಪರವಾನಗಿಗೆ ಬೇಕಾದದ್ದು. ನಾನು ಹೇಳುವುದು ಮುಂಬೈಯ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಲೈಸೆನ್ಶಿಯೇಟ್, ಅಸೋಸಿಯೇಟ್ ಪರೀಕ್ಷೆಗಳ ಬಗ್ಗೆ. ಅದರಲ್ಲಿ ಆರೋಗ್ಯ ವಿಮೆಗೇ ಪ್ರತ್ಯೇಕ ವಿಷಯವಿದೆ. ಪಾಸಾದ ಮಾತ್ರಕ್ಕೆ ಬಡ್ತಿ ಸಿಗುತ್ತದೆಂದಲ್ಲ, ಆದರೆ ಅರ್ಜಿಯ ರಾಶಿಯಲ್ಲಿ ನಿಮ್ಮ ಹಾಳೆ ಮೇಲಕ್ಕೆ ಬರುತ್ತದೆ. ಅದರ ಜೊತೆಗೆ ಒಂದು ನೋಟ್‌ಬುಕ್ ಇಡಿ. ಫ್ಲೋರಿನಲ್ಲಿ ಕಾಗದ ಪೆನ್ನು ಬಿಡುವುದಿಲ್ಲ, ಬಿಡಲೂಬಾರದು. ಮನೆಗೆ ಹೋದ ಮೇಲೆ ಆ ದಿನ ಉತ್ತರ ತಿಳಿಯದೆ ಹೋಲ್ಡಿಗೆ ಹಾಕಿದ ಒಂದೇ ಒಂದು ಪ್ರಶ್ನೆಯನ್ನು ಬರೆಯಿರಿ. ಹೆಸರು, ಪಾಲಿಸಿ ಸಂಖ್ಯೆ, ಕಾಯಿಲೆಯ ವಿವರ ಯಾವುದೂ ಅದರಲ್ಲಿ ಬೇಡ; ಅದು ರೋಗಿಯ ಸ್ವತ್ತು, ಅದನ್ನು ಹೊರಗೆ ತಂದರೆ ಕೆಲಸವೂ ಹೋಗುತ್ತದೆ, ಹೋಗಬೇಕು ಕೂಡ.

ಕಳೆದ ಬಾರಿಯ ಸಂದರ್ಶನಕ್ಕೆ ಹಾವೇರಿ ಕಡೆಯ ಹುಡುಗಿಯೊಬ್ಬಳು ಇಂಥದೊಂದು ನೋಟ್‌ಬುಕ್ ಹಿಡಿದುಕೊಂಡೇ ಬಂದಿದ್ದಳು. ರೂಮು ಬಾಡಿಗೆಯ ಲೆಕ್ಕ ಕೊಟ್ಟೆ. ಪೆನ್ನು ಎತ್ತುವ ಮೊದಲು ಅವಳು, ‘ಆ ಆಸ್ಪತ್ರೆಯಲ್ಲಿ ರೂಮಿಗೆ ತಕ್ಕಂತೆ ಸರ್ಜನ್ ದರ ಬೇರೆ ಬೇರೆ ಇದೆಯಾ ಮೇಡಂ, ಎಲ್ಲ ರೂಮಿಗೂ ಒಂದೇನಾ?’ ಎಂದು ಕೇಳಿದಳು. ಒಂದೇ ದರವಿದ್ದರೆ ಪ್ರಮಾಣಾನುಗುಣ ಕಡಿತ ಹಾಕುವಂತಿಲ್ಲ. 2020ರ ಅದೇ ಮಾರ್ಗಸೂಚಿಯಲ್ಲಿ ಅದೂ ಇದೆ. ಆಗ ರೋಗಿ ಕಟ್ಟಬೇಕಾದದ್ದು ಹನ್ನೆರಡು ಸಾವಿರವೇ. ಇಷ್ಟು ವರ್ಷ ನಾನು ಆ ವಿವರವನ್ನು ಬಿಟ್ಟೇ ಪ್ರಶ್ನೆ ಕೇಳುತ್ತಿದ್ದೆ. ಈಗ ಪ್ರಶ್ನೆಪತ್ರಿಕೆಯಲ್ಲಿ ಆ ಸಾಲು ಸೇರಿದೆ. ಅವಳು ನಮ್ಮ ಕ್ಯಾಶ್‌ಲೆಸ್ ತಂಡದಲ್ಲಿ ಬೆಳಗಿನ ಪಾಳಿಯಲ್ಲಿದ್ದಾಳೆ.