ಒಸಡಿನಂಚಿನ ಪಾಚಿ

ಉಗಿದ ನೊರೆಯಲ್ಲಿ ಕೆಂಪು ಕಂಡರೆ ಸಾಕು, ಬಹಳ ಮಂದಿ ಮೊದಲು ಬ್ರಷ್ ಬದಿಗಿಡುತ್ತಾರೆ. ‘ಉಷ್ಣ ಆಗಿದೆ’ ಎಂದು ಎಳನೀರು ಕುಡಿದು ನಾಲ್ಕು ದಿನ ಬರೀ ಬೆರಳಲ್ಲಿ ಉಜ್ಜುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡನ್ನು ದೂರುವುದೂ ಉಂಟು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ನೀರನ್ನು ಎಳೆವಯಸ್ಸಿನಿಂದ ಕುಡಿದರೆ ಹಲ್ಲಿಗೆ ಕಂದು ಕಲೆ ಬೀಳುತ್ತದೆ, ನಿಜ. ಆದರೆ ಒಸಡು ಊದಿ ರಕ್ತ ಬರುವುದಕ್ಕೆ ಸಾಮಾನ್ಯ ಕಾರಣ ಫ್ಲೋರೈಡೂ ಅಲ್ಲ, ಉಷ್ಣವೂ ಅಲ್ಲ. ಅದು ಪಾಚಿ.

‘ಹಲ್ಲಿಗೆ ಪಾಚಿ ಕಟ್ಟಿದೆ’ ಎಂಬ ಮಾತು ಎಷ್ಟು ಸರಿಯಾಗಿದೆ ನೋಡಿ. ಕಲ್ಯಾಣಿಯ ಮೆಟ್ಟಿಲಿನ ಪಾಚಿ ಕೊಡಗಟ್ಟಲೆ ನೀರು ಸುರಿದರೂ ಹೋಗದು, ತಿಕ್ಕಲೇಬೇಕು. ಹಲ್ಲಿನ ಮೇಲೂ ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಅಂಟಿನೊಳಗೆ ಪದರ ಪದರವಾಗಿ ಬೀಡುಬಿಟ್ಟಿರುತ್ತವೆ. ಡಚ್ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲುಸಂದಿಯ ಬಿಳಿ ಹಿಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರೊಳಗೆ ಓಡಾಡುವ ಜೀವಿಗಳನ್ನು ಕಂಡ. ವಿನೆಗರ್ ಹಾಕಿ ಮುಕ್ಕಳಿಸಿದರೆ ಹೊರಪದರದವು ಮಾತ್ರ ಸಾಯುತ್ತವೆ ಎಂಬುದೂ ಅವನಿಗೆ ಗೊತ್ತಾಯಿತು. ಮೌತ್‌ವಾಶ್ ಒಂದನ್ನೇ ನೆಚ್ಚಬಾರದು ಎನ್ನುವುದು ಇದಕ್ಕೇ.

ಈ ಪಾಚಿ ಒಸಡಿನ ಅಂಚಿಗೆ ತಾಗಿ ಕೂತರೆ ದೇಹ ಅಲ್ಲಿಗೆ ರಕ್ತ ನುಗ್ಗಿಸುತ್ತದೆ. ತೋಟಕ್ಕೆ ನುಗ್ಗಿದ ಕಳ್ಳನನ್ನು ಹಿಡಿಯಲು ಊರೇ ಓಡಿ ಬಂದು ಬೆಳೆಯನ್ನೆಲ್ಲ ತುಳಿದ ಹಾಗೆ, ಆ ಗಲಾಟೆಯಲ್ಲಿ ಒಸಡಿನ ಒಳಪೊರೆಯೇ ತೆಳ್ಳಗಾಗುತ್ತದೆ. ಆಮೇಲೆ ಬ್ರಷ್ ಸೋಕಿದರೂ ರಕ್ತ. 1965ರಲ್ಲಿ ಡೆನ್ಮಾರ್ಕಿನಲ್ಲಿ ದಂತವಿಜ್ಞಾನಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳಲ್ಲಿ ಎಲ್ಲರ ಒಸಡೂ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ವಾರದಲ್ಲಿ ಸರಿಹೋಯಿತು.

ಹಾಗಾಗಿ ರಕ್ತ ಬರುವ ಜಾಗವನ್ನೇ ಮೆಲ್ಲಗೆ ಉಜ್ಜಬೇಕು. ಮೆತ್ತನೆಯ ಬ್ರಷ್ ಹಿಡಿದು, ಎಳೆಗಳನ್ನು 45 ಡಿಗ್ರಿ ಓರೆಯಾಗಿ ಹಲ್ಲು–ಒಸಡು ಸೇರುವ ಗೆರೆಗೆ ತಾಗಿಸಿ, ಎರಡೆರಡು ಹಲ್ಲಿಗೆ ಹತ್ತು ಸಲ ನಡುಗಿಸಿದಂತೆ ಆಡಿಸಿ. ದಿನಕ್ಕೆರಡು ಸಲ, ಸಲಕ್ಕೆ ಎರಡು ನಿಮಿಷ. ಕೆಳಗಿನ ಮುಂಹಲ್ಲಿನ ಹಿಂಬದಿಯನ್ನು ಮರೆಯಬೇಡಿ. ಜೊಲ್ಲು ಬಂದು ಸೇರುವ ಜಾಗವಾದ್ದರಿಂದ ಪಾಚಿ ಅಲ್ಲೇ ಬೇಗ ಕಲ್ಲಾಗುತ್ತದೆ. ನೋವಿಗೆ ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ಡಾಕ್ಟರು 0.2% ಕ್ಲೋರ್‌ಹೆಕ್ಸಿಡಿನ್ (ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್) ಬರೆದರೆ 10 ಮಿಲಿಲೀಟರ್ ಬಾಯಿಗೆ ಹಾಕಿ ಒಂದು ನಿಮಿಷ ಮುಕ್ಕಳಿಸಿ, ಪೇಸ್ಟ್ ಹಾಕಿ ಉಜ್ಜಿದ ಅರ್ಧ ಗಂಟೆ ಬಿಟ್ಟು. ಇಲ್ಲದಿದ್ದರೆ ಪೇಸ್ಟಿನ ನೊರೆ ಅದರ ಶಕ್ತಿ ಕುಗ್ಗಿಸುತ್ತದೆ. ಎರಡು ವಾರ ಮೀರಿ ಬಳಸಿದರೆ ಹಲ್ಲು ಕಂದಾಗುತ್ತದೆ. ಇಟ್ಟಿಗೆ ಪುಡಿ, ಇದ್ದಿಲು ಬೇಡ. ಲವಂಗದೆಣ್ಣೆ ನೇರ ಹಚ್ಚಿದರೆ ಒಸಡು ಸುಡುತ್ತದೆ.

ಕಲ್ಲಾದ ಪಾಚಿ ಬ್ರಷ್ಷಿಗೆ ಬಗ್ಗದು, ದಂತವೈದ್ಯರ ಬಳಿ ಅದನ್ನು ಕೆರೆದು ತೆಗೆಸುವ ಸ್ಕೇಲಿಂಗ್ ಮಾಡಿಸಲೇಬೇಕು. ‘ಕ್ಲೀನ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತೆ’ ಎಂಬ ಹೆದರಿಕೆಯಿಂದ ಎಷ್ಟು ಹಲ್ಲು ಹಾಳಾಗಿವೆಯೋ! ಕಲ್ಲು ಹೋಗಿ ಊತ ಇಳಿದಾಗ, ಅದುವರೆಗೆ ಮುಚ್ಚಿಹೋಗಿದ್ದ ಸಂದಿ ಕಾಣುತ್ತದೆ, ಅಷ್ಟೇ.

ಸಕ್ಕರೆ ಕಾಯಿಲೆ, ಬಸಿರು, ಬಿ.ಪಿ.ಯ ಆಮ್ಲೊಡಿಪಿನ್, ಫಿಟ್ಸಿನ ಫೆನಿಟಾಯಿನ್ ಮಾತ್ರೆ ಕೂಡ ಒಸಡನ್ನು ಊದಿಸಬಲ್ಲವು. ಮಾತ್ರೆ ನೀವಾಗಿ ನಿಲ್ಲಿಸದೆ ಡಾಕ್ಟರಿಗೆ ತಿಳಿಸಿ. ಬೀಡಿ, ಸಿಗರೇಟು ಸೇದುವವರಲ್ಲಿ ರಕ್ತನಾಳ ಕುಗ್ಗಿ, ರೋಗ ಬಲಿತರೂ ರಕ್ತ ಕಾಣದಿರಬಹುದು. ಕೀವು, ಜ್ವರ, ಕೆನ್ನೆ ಊತ ಬಂದರೆ, ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎಲೆಅಡಿಕೆ ಜೊತೆ ಕಡ್ಡಿಪುಡಿ ಹಾಕುವವರ ಒಸಡಿನಲ್ಲಿ ಹುಣ್ಣೋ ಬಿಳಿ ಮಚ್ಚೆಯೋ ಎರಡು ವಾರ ದಾಟಿದರೆ, ನೋವಿಲ್ಲದಿದ್ದರೂ ತೋರಿಸಿ.