ಚೀಟಿ ಎತ್ತುತ್ತಾರಂತೆ: ಕ್ಯಾನ್ಸರ್ ರೋಗಿ ಪ್ರಶ್ನೆ ಕೇಳಲು ಕಲಿತ ಕತೆ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನನ್ನ ಚಿಕ್ಕಮ್ಮನ ಕೈಗೆ ಔಷಧ ಪ್ರಯೋಗವೊಂದರ ಸಮ್ಮತಿ ಪತ್ರ ಬಂತು. ಹತ್ತಾರು ಪುಟ, ಎಲ್ಲವೂ ಕನ್ನಡದಲ್ಲೇ. ‘ತಮ್ಮನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಲ್ಲಿ ಒಂದಕ್ಕೆ ನಿಯೋಜಿಸಲಾಗುವುದು’ ಎಂಬಲ್ಲಿ ಅವರು ನಿಂತರು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವರು. ಕನ್ನಡಕ ತೆಗೆದು, ‘ಅಂದರೆ ಚೀಟಿ ಎತ್ತುತ್ತಾರೆ ಅಂತ ತಾನೇ?’ ಎಂದರು. ಆ ಎರಡು ಪದ ಪತ್ರದಲ್ಲೇ ಇದ್ದಿದ್ದರೆ ಪಕ್ಕದ ಕುರ್ಚಿಯಲ್ಲಿ ಹೆಬ್ಬೆಟ್ಟು ಒತ್ತಲು ಕಾದಿದ್ದ ಅಜ್ಜನಿಗೂ ವಿಷಯ ತಿಳಿಯುತ್ತಿತ್ತು.

ಪತ್ರ ಬರೆದ ಕೋಣೆಯಲ್ಲಿ ರೋಗಿಗಳು ಇರಲಿಲ್ಲ, ಅಷ್ಟೇ. ಕಾನೂನಿನಲ್ಲಿ ಒಂದು ಕುರ್ಚಿಯೇನೋ ಇದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಪ್ರಯೋಗಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅರ್ಧದಷ್ಟಾದರೂ ಹೊರಗಿನವರಾಗಿರಬೇಕು, ಅವರಲ್ಲೊಬ್ಬರು ಜನಸಾಮಾನ್ಯರಾಗಿರಬೇಕು. ಆದರೆ ಆ ಒಬ್ಬರು ಕಾಯಿಲೆ ಉಂಡವರೇ ಆಗಿರಬೇಕೆಂಬ ಷರತ್ತಿಲ್ಲ.

ಕಾಯಿಲೆ ಉಂಡರೆ ಮಾತ್ರ ಸಾಲದು, ಓದಿಯೂ ಇರಬೇಕು ಎಂಬುದನ್ನು ಮೊದಲು ತೋರಿಸಿದವರಲ್ಲಿ ಅಮೆರಿಕದ ಪತ್ರಕರ್ತೆ ರೋಸ್ ಕುಶ್ನರ್ ಒಬ್ಬರು. 1974ರಲ್ಲಿ ಅವರಿಗೆ ಸ್ತನದಲ್ಲಿ ಗಂಟು ಕಾಣಿಸಿತು. ಆಗಿನ ರೂಢಿ ಕ್ರೂರವಾಗಿತ್ತು. ಅರಿವಳಿಕೆ ಕೊಟ್ಟು ಗಂಟಿನ ಚೂರು ತೆಗೆದು ನೋಡುವುದು, ಕ್ಯಾನ್ಸರ್ ಎಂದಾದರೆ ಅದೇ ಮಂಪರಿನಲ್ಲಿ ಸ್ತನವನ್ನೂ ತೆಗೆದುಬಿಡುವುದು. ಹೆಂಗಸಿಗೆ ವಿಷಯ ಗೊತ್ತಾಗುತ್ತಿದ್ದದ್ದು ಎಚ್ಚರವಾದ ಮೇಲೆ. ಕುಶ್ನರ್ ವೈದ್ಯಕೀಯ ಪ್ರಬಂಧಗಳನ್ನು ತಾವೇ ಓದಿ, ಮೊದಲು ಬಯಾಪ್ಸಿ ಮಾತ್ರ ಸಾಕು ಎಂದು ಹಟ ಹಿಡಿದರು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 1979ರಲ್ಲಿ ಮೊದಲು ಬಯಾಪ್ಸಿ, ಆಮೇಲೆ ಶಸ್ತ್ರಚಿಕಿತ್ಸೆ ಎಂಬ ಎರಡು ಹಂತದ ಕ್ರಮವನ್ನೇ ಎತ್ತಿಹಿಡಿದಾಗ ಆ ಸಮಿತಿಯಲ್ಲಿ ಅವರೂ ಇದ್ದರು.

ನಾಲ್ಕು ವರ್ಷದ ನಂತರ ಡೆನ್ವರ್ ನಗರದಲ್ಲಿ ಏಡ್ಸ್ ರೋಗಿಗಳು, ತಮ್ಮ ಬಗೆಗಿನ ಪ್ರತಿ ತೀರ್ಮಾನದಲ್ಲೂ ತಾವಿರಬೇಕು ಎಂದು ಘೋಷಿಸಿದರು. ಆ ಧೈರ್ಯ ಕ್ಯಾನ್ಸರ್ ವಾರ್ಡಿಗೂ ಹರಡಿತು. 1991ರಲ್ಲಿ ಹುಟ್ಟಿದ ಅಮೆರಿಕದ ರಾಷ್ಟ್ರೀಯ ಸ್ತನ ಕ್ಯಾನ್ಸರ್ ಒಕ್ಕೂಟ, 1995ರಲ್ಲಿ ‘ಪ್ರಾಜೆಕ್ಟ್ ಲೀಡ್’ ಎಂಬ ಪಾಠಕ್ರಮ ಆರಂಭಿಸಿತು. ಚಿಕಿತ್ಸೆ ಮುಗಿಸಿದ ಗೃಹಿಣಿಯರು, ಗುಮಾಸ್ತರು ವಿಜ್ಞಾನಿಗಳ ಮುಂದೆ ಕುಳಿತು ಜೀವಕೋಶ, ವಂಶವಾಹಿ, ಸಂಖ್ಯಾಶಾಸ್ತ್ರ ಕಲಿತರು. ಯುರೋಪಿನಲ್ಲಿ ಇಂಥದ್ದೇ ಅಕಾಡೆಮಿ 2012ರಲ್ಲಿ ಶುರುವಾಯಿತು.

ಇದು ಪರದೇಶದ ಶೋಕಿ ಎನ್ನುವವರಿಗೆ ಗ್ಲಿವೆಕ್ ಪ್ರಕರಣ ನೆನಪಿರಲಿ. ರಕ್ತದ ಕ್ಯಾನ್ಸರ್‌ನ ಈ ಮಾತ್ರೆಗೆ ಆಗ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಆಗುತ್ತಿತ್ತು. ದೇಶಿ ತಯಾರಿಕೆಯದು ಅದರ ಹತ್ತನೇ ಒಂದು ಭಾಗಕ್ಕೂ ಕಡಿಮೆಗೆ ಸಿಗುತ್ತಿತ್ತು. ಗ್ಲಿವೆಕ್ ತಯಾರಿಸುವ ನೊವಾರ್ಟಿಸ್ ಕಂಪನಿ, ಬೇರೆಯವರು ಅದನ್ನು ತಯಾರಿಸದಂತೆ ತಡೆಯುವ ಪೇಟೆಂಟ್ ಕೇಳಿದಾಗ ಆಕ್ಷೇಪಣೆ ಸಲ್ಲಿಸಿದವರಲ್ಲಿ ಮುಂಬೈನ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ಕೂಡ ಇತ್ತು. 2006ರಲ್ಲಿ ಚೆನ್ನೈನ ಪೇಟೆಂಟ್ ಕಚೇರಿ ಅರ್ಜಿ ತಳ್ಳಿಹಾಕಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ರೋಗಿಗಳಿಗೆ ಹಣ್ಣು ಹಂಪಲು ಹಂಚುವುದಷ್ಟೇ ಸೇವೆ ಎಂದುಕೊಂಡಿದ್ದರೆ ಈ ತೀರ್ಪು ಬರುತ್ತಿತ್ತೇ?

ಬೆಂಗಳೂರಿನಲ್ಲಿ ಸೇವೆಯ ಪರಂಪರೆ ದೊಡ್ಡದೇ. ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರದು. ದೇಶದ ಮೊದಲ ಕ್ಯಾನ್ಸರ್ ನೋಂದಣಿ ಜಾಲಕ್ಕೆ 1982ರಲ್ಲಿ ರೋಗಿಗಳ ಲೆಕ್ಕ ಬರೆಯತೊಡಗಿದ ನಗರಗಳಲ್ಲಿ ನಮ್ಮದೂ ಒಂದು. ಗುಣವಾಗದವರನ್ನು ಉಚಿತವಾಗಿ ಆರೈಕೆ ಮಾಡುವ ಕರುಣಾಶ್ರಯ ಇಲ್ಲಿದೆ. ಆದರೆ ವಿಗ್ ಕೊಡಿಸುವ, ಧೈರ್ಯ ಹೇಳುವ ಬಳಗಗಳಿಂದ ಸಮಿತಿಯ ಕುರ್ಚಿಯವರೆಗಿನ ದಾರಿ ಇನ್ನೂ ಕಾಲುದಾರಿ. ಆ ಕುರ್ಚಿಯಲ್ಲಿ ಕೂತು ರೋಗಿಗಳ ಪರ ಪ್ರಶ್ನೆ ಕೇಳುವವರನ್ನು ಇಂಗ್ಲಿಷಿನಲ್ಲಿ ‘ಪೇಷಂಟ್ ಅಡ್ವೊಕೇಟ್’ ಎನ್ನುತ್ತಾರೆ. ಆ ಹೆಸರೇ ಸರಿಯಾಗಿಲ್ಲ: ಅಡ್ವೊಕೇಟ್ ಎಂದರೆ ನಮ್ಮಲ್ಲಿ ಕರಿಕೋಟು ನೆನಪಾಗುತ್ತದೆ. ‘ರೋಗಿಗಳ ಪರ ಮಾತಾಡುವವರು’ ಎಂದರೆ ಉದ್ದವಾದರೂ ಅರ್ಥವಾಗುತ್ತದೆ.

ಅವರು ಕಲಿಯಬೇಕಾದ್ದು ಏನು? ಒಂದು ಉದಾಹರಣೆ ಸಾಕು. ‘ಕಾಯಿಲೆ ಮರುಕಳಿಸುವ ಅಪಾಯ ಶೇ 50ರಷ್ಟು ತಗ್ಗುತ್ತದೆ’ ಎಂದು ಹೊಸ ಔಷಧದ ಬಗ್ಗೆ ಹೇಳುತ್ತಾರೆ ಎನ್ನಿ. ನೂರರಲ್ಲಿ 40 ಮಂದಿಗೆ ಮರುಕಳಿಸುತ್ತಿದ್ದದ್ದು 20ಕ್ಕೆ ಇಳಿದರೂ ಶೇ 50, ನಾಲ್ಕು ಮಂದಿಗೆ ಆಗುತ್ತಿದ್ದದ್ದು ಎರಡಕ್ಕೆ ಇಳಿದರೂ ಶೇ 50. ಹೊಲ ಅಡವಿಟ್ಟು ಔಷಧ ಕೊಳ್ಳುವವನಿಗೆ ಈ ಎರಡರ ನಡುವೆ ಇಡೀ ಹೊಲವೇ ಇದೆ. ‘ಗಡ್ಡೆ ಬೆಳೆಯದೆ ನಿಂತ ತಿಂಗಳು’ ಬೇರೆ, ‘ಹೆಚ್ಚು ಬದುಕಿದ ತಿಂಗಳು’ ಬೇರೆ. ಇಷ್ಟನ್ನು ಕಲಿಸಲು ಪದವಿ ಬೇಡ, ಕೆಲವು ಭಾನುವಾರಗಳು ಸಾಕು ಎಂದು ನನ್ನ ಅಂದಾಜು.

ಖರ್ಚು ಯಾರದು ಎಂಬುದೇ ತೊಡಕು. ಯುರೋಪಿನ ಅಕಾಡೆಮಿಗೆ ಸರ್ಕಾರಿ ಹಣದ ಜೊತೆ ಔಷಧ ಕಂಪನಿಗಳ ನೆರವೂ ಇತ್ತು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಬೆಳೆದ ನಾವು, ಕಂಪನಿಯ ಹಣದಲ್ಲಿ ಕಲಿತು ಅದೇ ಕಂಪನಿಯ ಬೆಲೆಯನ್ನು ಪ್ರಶ್ನಿಸುತ್ತೇವೆಯೇ? ನನಗೆ ಅನುಮಾನ. ಯಾರ ಹಣ ಎಂಬುದನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆದಿಡುವುದು ಒಳ್ಳೆಯದು.

ಕೆಲಸಕ್ಕಂತೂ ಬರವಿಲ್ಲ. 2025ರ ಮೇ ತಿಂಗಳಲ್ಲಿ ರಾಜ್ಯದ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳು, ಅಂದರೆ ಡ್ರಿಪ್ ಮೂಲಕ ಕ್ಯಾನ್ಸರ್ ಔಷಧ ಹಾಕಿಸಿಕೊಂಡು ಅದೇ ದಿನ ಮನೆಗೆ ಮರಳುವ ಕೇಂದ್ರಗಳು, ಶುರುವಾದವು. ಕೀಮೋಗೆಂದು ಬೆಂಗಳೂರಿಗೆ ರಾತ್ರಿ ಬಸ್ ಹತ್ತುತ್ತಿದ್ದವರಿಗೆ ಇದು ದೊಡ್ಡ ಮಾತು. ಇಂಥ ಕೇಂದ್ರದ ಪರಿಶೀಲನಾ ಸಭೆಯಲ್ಲಿ ಹಾಸಿಗೆ ಎಷ್ಟು, ಔಷಧ ದಾಸ್ತಾನು ಎಷ್ಟು ಎಂದು ಅಧಿಕಾರಿಗಳು ಕೇಳಿಯೇ ಕೇಳುತ್ತಾರೆ. ಕೀಮೋ ಮಾಡಿಸಿಕೊಂಡವರು ಕೇಳುವುದು ಬೇರೆ: ಹಳ್ಳಿಗೆ ಕೊನೆಯ ಬಸ್ ಹೊರಡುವ ಮೊದಲು ಡ್ರಿಪ್ ಮುಗಿಯುತ್ತದೆಯೇ? ವಾಂತಿ ಬಂದರೆ ಶೌಚಾಲಯ ಎಷ್ಟು ಹೆಜ್ಜೆ ದೂರ? ಕೀಮೋ ಆದ ಹತ್ತನೇ ದಿನ ರಾತ್ರಿ ಜ್ವರ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಆ ಹೊತ್ತಿಗೆ ಎತ್ತುವವರು ಯಾರು?